ಮೆಸ್ಸಿನಲ್ಲಿ ತಲೆಯಾಡಿಸಿದ್ದು

ಹಿಂದಿನ ಬಾಗಿಲಲ್ಲಿ ಹತ್ತಿ, ಮುಂದಿನ ಬಾಗಿಲಲ್ಲಿ ಇಳಿಯಿರಿ ಎಂದು ಅರ್ಧ ಆಯುಷ್ಯ ಜನರ ಮೇಲೆ ಕೂಗಾಡಿದ ಕಂಡಕ್ಟರಮ್ಮ, ಮಗಳ ಕಾಲೇಜಿನ ಮೆಸ್ಸಿಗೆ ಮೊದಲ ಸಲ ಕಾಲಿಟ್ಟದ್ದು ಹೊರಗೆ ಹೋಗುವ ಬಾಗಿಲಿನಿಂದ. ಹೊಟ್ಟೆ ತುಂಬಿದ ಹುಡುಗ ಹುಡುಗಿಯರ ದಂಡು ಎದುರಿಗೆ ನುಗ್ಗಿ ಬಂತು. ಇವಳು ಒಂದು ಹೆಜ್ಜೆ ಮುಂದಿಟ್ಟರೆ ಅವರು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿದರು. ಯಾರೂ ಬೇಕೆಂದು ತಳ್ಳಲಿಲ್ಲ, ತಳ್ಳಿದ್ದೇವೆಂದು ಗೊತ್ತಾದವರೂ ಇರಲಿಲ್ಲ. ಎಲ್ಲರ ಕಣ್ಣೂ ಅಂಗೈಯಲ್ಲಿದ್ದ ಫೋನಿನ ಮೇಲಿತ್ತು.

"ಏನಮ್ಮಾ, ಇದು ಹೊರಗೆ ಹೋಗೋ ಬಾಗಿಲು!" ಎಂದು ಬಾಗಿಲವರೆಗೆ ಬಂದ ಒಬ್ಬ ಹೆಂಗಸು ಸೌಟು ಬೀಸಿದಳು.

"ಬಾಗಿಲಿಗೊಂದು ಬೋರ್ಡ್ ಹಾಕಬಾರ್ದಾ?"

"ಹಾಕಿದೀವಲ್ಲ."

"ಎಲ್ಲಿ?"

"ಒಳಗಡೆ."

ಒಳಗಿದ್ದವರಿಗೆ ಬಾಗಿಲು ಯಾವುದೆಂದು ಹೇಗೂ ಗೊತ್ತಿರುತ್ತದೆ, ಗೊತ್ತಿಲ್ಲದವರು ಹೊರಗೆ ನಿಂತಿರುತ್ತಾರೆ. ಇಷ್ಟು ಸಣ್ಣ ವಿಷಯ ಅಷ್ಟು ದೊಡ್ಡ ಕಾಲೇಜಿನ ತಲೆಗೆ ಹೊಳೆದಿರಲಿಲ್ಲ. ಕಂಡಕ್ಟರಮ್ಮ ಹಲ್ಲು ಕಚ್ಚಿಕೊಂಡು ಕಟ್ಟಡವನ್ನು ಸುತ್ತಲು ಹೊರಟಳು. ಸೈಕಲ್ ಸ್ಟ್ಯಾಂಡು ದಾಟಿ, ಎಂಜಲಿನ ಡ್ರಮ್ಮುಗಳ ಪಕ್ಕ ಮೂಗು ಮುಚ್ಚಿಕೊಂಡು, ಗೋಡೆಗೆ ಒರಗಿಸಿದ್ದ ಮುರುಕು ಬೆಂಚುಗಳ ನಡುವೆ ಸೆರಗು ಸಿಕ್ಕಿಸಿಕೊಂಡು ನಡೆದಳು. ಬೇರೆ ದಿನವಾಗಿದ್ದರೆ ಆ ಸೌಟಿನವಳಿಗೆ ಸರಿಯಾಗಿ ನಾಲ್ಕು ಮಾತು ಬಿಗಿಯುತ್ತಿದ್ದಳು. ಇವತ್ತು ಬಾಯಿಗೆ ಬೀಗ ಹಾಕಿಕೊಂಡು ಬಂದಿದ್ದಳು. ಬೀಗ ಹಾಕಿಸಿದ್ದು ಮಗಳು.

"ಬಾ ಅಮ್ಮ, ಆದ್ರೆ ಬಸ್ಸಲ್ಲಿ ಕೂಗೋ ಹಾಗೆ ಇಲ್ಲಿ ಕೂಗಬೇಡ. ಎಲ್ಲಾರೂ ತಿರುಗಿ ನೋಡ್ತಾರೆ," ಎಂದಿದ್ದಳು ಫೋನಿನಲ್ಲಿ.

ಆ ಮಾತು ಕಂಡಕ್ಟರಮ್ಮನಿಗೆ ಚುರುಕ್ ಎಂದಿತ್ತು. ಇವಳ ಗಂಟಲು ಅಂದರೆ ಇಡೀ ಡಿಪೋಗೆ ಹೆಸರುವಾಸಿ. ಬಸ್ಸು ತುಂಬಿ ತುಳುಕುತ್ತಿದ್ದರೂ ಹಿಂದಿನ ಬಾಗಿಲಿಂದ ಒಂದು ಸಲ "ರೈಟ್!" ಎಂದರೆ ಸಾಕು, ಡ್ರೈವರ್ ಕನ್ನಡಿ ಕೂಡ ನೋಡದೆ ಗೇರು ಹಾಕುತ್ತಿದ್ದ. ಆ ಗಂಟಲಿನಿಂದಲೇ ಮಗಳು ಈ ಕಾಲೇಜಿನ ಮೆಟ್ಟಿಲು ಹತ್ತಿದ್ದು. ಈಗ ಆ ಗಂಟಲೇ ಮಗಳಿಗೆ ನಾಚಿಕೆ. ಇರಲಿ, ಇವತ್ತಿನ ಕೆಲಸಕ್ಕೆ ಮೆಲು ದನಿಯೇ ಸರಿ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಇವತ್ತಿನ ಕೆಲಸ ಏನೆಂದರೆ, ಮೀಸೆಯ ವಿಷಯ. ಮೀಸೆ ಅಂದರೆ ಇವಳ ಬಸ್ಸಿನ ಡ್ರೈವರ್. ಮೀಸೆಯಿಂದಾಗಿ ಆ ಹೆಸರು, ಮಗಳಿಗೆ ಚಿಕ್ಕಂದಿನಿಂದಲೂ ಮೀಸೆ ಮಾಮ. ಕಂಡಕ್ಟರಮ್ಮನ ಗಂಡ ತೀರಿಕೊಂಡಾಗ ಮಗಳಿಗೆ ಇನ್ನೂ ಹಾಲುಹಲ್ಲು. ಮೀಸೆಯ ಹೆಂಡತಿಯೂ ಹೋಗಿ ಬಹಳ ವರ್ಷವಾಗಿತ್ತು. ಒಂದೇ ಬಸ್ಸಿನ ಮುಂದೊಬ್ಬರು ಹಿಂದೊಬ್ಬರು ವರ್ಷಗಟ್ಟಲೆ ಓಡಾಡಿದ್ದರೇ ಹೊರತು ಮನೆ ವಿಷಯ ಒಬ್ಬರಿಗೊಬ್ಬರು ಹೆಚ್ಚು ಹೇಳಿಕೊಂಡವರಲ್ಲ. ಮಗಳು ಹಾಸ್ಟೆಲಿಗೆ ಹೋದ ಮೇಲೆ ಒಂದು ದಿನ, ಡಿಪೋದಲ್ಲಿ ಟೀ ಕುಡಿಯುವಾಗ, ಮೀಸೆ ಲೋಟದೊಳಕ್ಕೆ ನೋಡುತ್ತಾ, "ನಾವಿಬ್ಬರೂ ಒಂದೇ ಮನೇಲಿ ಇದ್ರೆ ಹೇಗಿರುತ್ತೆ? ಮದುವೆ ಮಾಡಿಕೊಂಡೇ," ಎಂದ. ಕಂಡಕ್ಟರಮ್ಮನಿಗೆ ಟೀ ನೆತ್ತಿಗೆ ಹತ್ತಿತು. ಕೆಮ್ಮು ನಿಂತ ಮೇಲೆ ಹೇಳಿದ್ದು ಒಂದೇ ಮಾತು. "ಮಗಳನ್ನ ಕೇಳಬೇಕು. ಅವಳು ಹೂಂ ಅಂದ್ರೆ ಹೂಂ, ಇಲ್ಲ ಅಂದ್ರೆ ಇಲ್ಲ."

"ಕೇಳಿ ಮತ್ತೆ. ನನಗೇನೂ ಅವಸರ ಇಲ್ಲ," ಎಂದಿದ್ದ ಮೀಸೆ. ಅವಸರ ಇಲ್ಲದ ಮನುಷ್ಯ ಆಮೇಲೆ ದಿನಾ ಬೆಳಗ್ಗೆ ಒಂದು ಹುಬ್ಬು ಮೇಲೆತ್ತಿ ಇವಳ ಮುಖ ನೋಡುತ್ತಿದ್ದ. ನೋಡಿ ನೋಡಿ ಇವಳಿಗೇ ಸಾಕಾಗಿ, ಇವತ್ತು ತನ್ನ ಪಾಳಿಯನ್ನು ತೂಕಡಿಕೆ ಎಂಬ ಇನ್ನೊಬ್ಬ ಕಂಡಕ್ಟರನಿಗೆ ದಾಟಿಸಿ, ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ಮಧ್ಯಾಹ್ನ ಮೀಸೆಯ ಬಸ್ಸು ಕಾಲೇಜಿನ ಗೇಟಿನ ಮುಂದೆ ಹಾದು ಹೋಗುತ್ತದೆ. ಅದನ್ನು ಹತ್ತುವಾಗ ಉತ್ತರ ಹೇಳುತ್ತೇನೆ ಎಂದು ಮಾತು ಕೊಟ್ಟಾಗಿತ್ತು.

ಮಗಳು ಒಳಗೆ ಹೋಗುವ ಬಾಗಿಲಲ್ಲಿ ಕಾಯುತ್ತಿದ್ದಳು. ಸ್ವಲ್ಪ ಇಳಿದು ಹೋಗಿದ್ದಳು, ಕಣ್ಣ ಕೆಳಗೆ ಕಪ್ಪಾಗಿತ್ತು.

"ಊಟ ಮಾಡ್ತೀಯೇನೇ ಸರಿಯಾಗಿ? ಬಾ, ಹೊರಗೆ ಎಲ್ಲಾದ್ರೂ ಮರದ ಕೆಳಗೆ ಕೂತ್ಕೊಳ್ಳೋಣ. ಮಾತಾಡೋದಿದೆ."

"ಊಟದ ಹೊತ್ತು ಬಿಟ್ರೆ ಬಿಡುವಿಲ್ಲಮ್ಮ. ಮಾತಾಡೋದು ನನಗೂ ಇದೆ. ಇಲ್ಲೇ ಮಾತಾಡೋಣ, ಬಾ."

ಇಲ್ಲೇ ಎಂದರೆ ಎಂಥ ಜಾಗ ಎಂದು ಒಳಗೆ ಹೋದ ಮೇಲೆ ಗೊತ್ತಾಯಿತು. ಉದ್ದನೆಯ ಹಾಲ್, ಮೇಲೆ ತಗಡಿನ ಮಾಡು, ಕೆಳಗೆ ಕಲ್ಲಿನ ನೆಲ. ನಡುವೆ ಸ್ಟೀಲಿನ ತಟ್ಟೆ, ಸ್ಟೀಲಿನ ಲೋಟ, ಸ್ಟೀಲಿನ ಮೇಜು. ಕಬ್ಬಿಣದ ಬೆಂಚುಗಳನ್ನು ಎಳೆದಾಗಲೆಲ್ಲ ಹಲ್ಲು ಜುಮ್ಮೆನ್ನುತ್ತಿತ್ತು. ಗೋಡೆಯ ಮೇಲಿನ ಹೊಗೆ ಫ್ಯಾನು, ಬೇರಿಂಗು ಹೋದ ಲಾರಿಯ ಹಾಗೆ ಒಂದೇ ಸಮನೆ ಅರಚುತ್ತಿತ್ತು. ಅದರ ಮೇಲೆ ನೂರಾರು ಗಂಟಲು. ಒಬ್ಬನಿಗೆ ಕೇಳಿಸಲಿಲ್ಲವೆಂದು ಇನ್ನೊಬ್ಬ ಜೋರು ಮಾಡಿದರೆ, ಅವನಿಂದ ತನಗೆ ಕೇಳಿಸಲಿಲ್ಲವೆಂದು ಮತ್ತೊಬ್ಬ ಜೋರು ಮಾಡುತ್ತಿದ್ದ. ಇದರ ಮಧ್ಯೆ ಇವಳು ಕೂಗಬಾರದಂತೆ!

ಸಾಲಿನಲ್ಲಿ ನಿಂತದ್ದಾಯಿತು. ಕೌಂಟರಿನ ಹಿಂದೆ ಅದೇ ಸೌಟಿನವಳು. ಇವಳು ತಟ್ಟೆ ಎತ್ತಿಕೊಂಡರೆ, "ಅತಿಥಿಗಳಿಗೆ ನೀಲಿ ತಟ್ಟೆ," ಎಂದು ಸನ್ನೆ ಮಾಡಿ ಕಿತ್ತುಕೊಂಡಳು. ನೀಲಿ ತಟ್ಟೆ ಇದ್ದದ್ದು ಸಾಲಿನ ಆರಂಭದಲ್ಲಿ. ಮತ್ತೆ ಹಿಂದೆ ಹೋಗಿ, ನೀಲಿ ಪ್ಲಾಸ್ಟಿಕ್ ತಟ್ಟೆ ಹಿಡಿದು, ಮತ್ತೆ ಸಾಲು. ಆ ಮೆಸ್ಸಿನಲ್ಲಿ ಸದ್ದು ಮಾಡದ ವಸ್ತು ಅದೊಂದೇ.

"ಅನ್ನ ಸ್ವಲ್ಪ ಸಾಕು," ಎಂದಳು ಕಂಡಕ್ಟರಮ್ಮ.

ಸೌಟಿನವಳು ತಲೆಯಾಡಿಸಿ ಗುಡ್ಡದಷ್ಟು ಅನ್ನ ಹಾಕಿದಳು.

"ಆಲೂಗಡ್ಡೆ ಬೇಡ."

ತಲೆಯಾಡಿಸಿ ಆಲೂಗಡ್ಡೆ ಸುರಿದಳು.

"ಉಪ್ಪು ಎಲ್ಲಿದೆ?"

ಅದಕ್ಕೂ ತಲೆಯಾಡಿಸಿ ಹಿಂದಿನವನ ತಟ್ಟೆಗೆ ಕೈಚಾಚಿದಳು. ಕಂಡಕ್ಟರಮ್ಮನ ರಕ್ತ ಕುದಿಯಿತು. ಬಸ್ಸಿನಲ್ಲಿ ತಾನು ಹೀಗೆ ತಲೆಯಾಡಿಸಿ ಕೇಳಿದ ಊರು ಬಿಟ್ಟು ಬೇರೆ ಊರಿಗೆ ಟಿಕೇಟು ಹರಿದಿದ್ದರೆ ಜನ ಜುಟ್ಟು ಹಿಡಿಯುತ್ತಿದ್ದರು. ಇಲ್ಲಿ ಒಬ್ಬರೂ ಚಕಾರ ಎತ್ತುತ್ತಿರಲಿಲ್ಲ. ಬಂದದ್ದನ್ನು ಹೊತ್ತುಕೊಂಡು ಎಲ್ಲರೂ ಮುಂದೆ ಹೋಗುತ್ತಿದ್ದರು.

ಇನ್ನು ಕೂರುವ ಪಾಡು. ಖಾಲಿ ಬೆಂಚು ಕಂಡು ಇವಳು ಕುಳಿತಳೋ ಇಲ್ಲವೋ, ಎರಡು ಹುಡುಗಿಯರು ಬಂದು ಮೇಜಿನ ಮೇಲಿದ್ದ ಚಮಚದ ಕಡೆ ಬೆರಳು ತೋರಿಸಿ ಕಿವಿಯ ಹತ್ತಿರ ಕೂಗಿದರು.

"ಆಂಟಿ, ಇಲ್ಲಿ ಚಮಚ ಇದೆ."

"ಇದ್ರೆ?"

"ಚಮಚ ಇಟ್ರೆ ಸೀಟು ಹಿಡಿದ ಹಾಗೆ."

"ಚಮಚ ಕೂತ್ಕೊಂಡು ಊಟ ಮಾಡುತ್ತಾ? ನಾನು ನಿಂತ್ಕೊಂಡು ಮಾಡ್ಬೇಕಾ?"

ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದವರ ಟವೆಲ್ಲನ್ನು ಅದೇ ಕಿಟಕಿಯಿಂದ ಹೊರಕ್ಕೆ ಎಸೆದವಳು ಇವಳು. ಚಮಚವನ್ನು ಎಲ್ಲಿಗೆ ಎಸೆಯಬೇಕೆಂದೂ ಗೊತ್ತಿತ್ತು. ಆದರೆ ಮಗಳ ಮುಖ ಕೆಂಪಾಗಿತ್ತು, ಪಕ್ಕದ ಮೇಜಿನವರು ತಿರುಗಿ ನೋಡಿದ್ದರು. ಕಂಡಕ್ಟರಮ್ಮ ಬಾಯಿ ಮುಚ್ಚಿಕೊಂಡು ಎದ್ದಳು. ಕೊನೆಗೆ ಜಾಗ ಸಿಕ್ಕಿದ್ದು ಆ ಹೊಗೆ ಫ್ಯಾನಿನ ಬುಡದಲ್ಲಿ, ಅಲ್ಲಿಗೆ ಚಮಚವನ್ನೂ ಯಾರೂ ಕಳಿಸುವುದಿಲ್ಲ.

ಅಲ್ಲೂ ಏಕಾಂತ ಇರಲಿಲ್ಲ. ಮಗಳ ಕೋಣೆಯ ಮೂವರು ಗೆಳತಿಯರು ಬಂದು ಎದುರಿಗೆ ಕುಳಿತರು. ಒಬ್ಬಳು ಏನೋ ಹೇಳಿದಳು, ಉಳಿದಿಬ್ಬರು ತಲೆಯಾಡಿಸಿದರು. ಎರಡನೆಯವಳು ಕೈ ತಿರುಗಿಸುತ್ತಾ ದೊಡ್ಡ ಕತೆ ಹೇಳಿದಳು, ಎಲ್ಲರೂ ತಲೆಯಾಡಿಸಿದರು, ಮಗಳೂ ಆಡಿಸಿದಳು. ಕೋಲೆ ಬಸವನ ಸಂತಾನ ಎಂದುಕೊಂಡಳು ಕಂಡಕ್ಟರಮ್ಮ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇಲ್ಲಿ ಊಟವೂ ಹಾಗೇ ಇತ್ತು, ಮಾತೂ ಹಾಗೇ ಇತ್ತು. ಮೂವರೂ ಗಬಗಬ ತಿಂದು ಎದ್ದು ಹೋದರು. ಹೋಗುವಾಗ ಇವಳಿಗೂ ಒಂದೊಂದು ಸಲ ತಲೆಯಾಡಿಸಿದರು.

ಈಗಲಾದರೂ ಹೇಳಬೇಕಿತ್ತು. ಹಾದಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತು ಅರ್ಧ ಮರೆತಿತ್ತು. ನೀರು ಕುಡಿದಳು. ಮಗಳ ಕಡೆ ಬಾಗಿ, ತನ್ನ ಜನ್ಮದಲ್ಲೇ ಆಡದಷ್ಟು ಮೆಲ್ಲಗೆ, "ನೋಡು, ನಿನ್ನ ಮೀಸೆ ಮಾಮ ನನ್ನನ್ನ ಮದುವೆ ಆಗು ಅಂತ ಕೇಳಿದಾರೆ. ನನಗೂ ಬೇಡ ಅನ್ನಿಸ್ತಿಲ್ಲ. ನೀನು ಹೂಂ ಅಂದ್ರೆ ಮಾತ್ರ," ಎಂದಳು.

ಮಗಳು ಅನ್ನ ಕೆದಕುತ್ತಿದ್ದಳು. ಕತ್ತೆತ್ತದೆ ತಲೆಯಾಡಿಸಿದಳು.

"ನಿಜವಾಗ್ಲೂ? ನಿನಗೇನೂ ಬೇಜಾರಿಲ್ವಾ?"

ಮತ್ತೆ ತಲೆಯಾಡಿಸಿ, ಉಪ್ಪಿನ ಡಬ್ಬಿಯನ್ನು ತಾಯಿಯ ಕಡೆ ಸರಿಸಿದಳು.

ಕಂಡಕ್ಟರಮ್ಮನಿಗೆ ಎದೆಯ ಮೇಲಿಂದ ಚಪ್ಪಡಿ ಸರಿಸಿದ ಹಾಗಾಯಿತು. ಇಷ್ಟೇನಾ? ಇಷ್ಟಕ್ಕೆ ಎಷ್ಟು ರಾತ್ರಿ ಹೊರಳಾಡಿದ್ದೆ! ಆ ಸಂತೋಷದಲ್ಲಿ ಬೇಡವೆಂದ ಆಲೂಗಡ್ಡೆಯನ್ನೂ ತಿಂದಳು, ಬೆಂದಿರಲಿಲ್ಲ. ಅಷ್ಟರಲ್ಲಿ ಮಗಳು ಅವಳ ಮೊಣಕೈ ಹಿಡಿದು, ಮುಖ ಹತ್ತಿರ ತಂದು, ಏನೋ ಹೇಳತೊಡಗಿದಳು. ತುಟಿ ಅಲುಗಿದ್ದು ಕಂಡಿತು, ಕಿವಿಗೆ ಬಿದ್ದದ್ದು ಫ್ಯಾನಿನ ಅರಚಾಟ. ಏನೆಂದೆ ಎಂದು ಕೇಳಬಹುದಿತ್ತು. ಆದರೆ ಇನ್ನೊಂದು ಸಲ ಕೇಳಿದರೆ ಈಗಷ್ಟೇ ಸಿಕ್ಕಿದ ಹೂಂ ಎಲ್ಲಿ ಜಾರಿ ಹೋಗುತ್ತದೋ ಎಂಬ ಅಳುಕು. ಮೀಸೆ ಮಾಮನ ಬಗ್ಗೆಯೇ ಏನೋ ಒಳ್ಳೆಯದು ಹೇಳುತ್ತಿದ್ದಾಳೆ, ಇರಲಿ ಎಂದುಕೊಂಡು ಕಂಡಕ್ಟರಮ್ಮ ಧಾರಾಳವಾಗಿ ತಲೆಯಾಡಿಸಿದಳು. ಮಗಳ ಕಣ್ಣು ತುಂಬಿ ಬಂತು. ಇವಳದ್ದೂ ತುಂಬಿತು. ಮಗಳು ಎದ್ದು, ಗೇಟಿನ ಕಡೆ ಕೈ ತೋರಿಸಿ, ಅಲ್ಲಿಗೆ ಬರುತ್ತೇನೆ ಎಂದು ಸನ್ನೆ ಮಾಡಿ ಓಡಿ ಹೋದಳು.

ತಟ್ಟೆ ವಾಪಸು ಕೊಡಲು ಇನ್ನೊಂದು ಕಿಟಕಿ, ಲೋಟಕ್ಕೆ ಮತ್ತೊಂದು ಬುಟ್ಟಿ, ನೀಲಿ ತಟ್ಟೆಯನ್ನು ಆ ಕಿಟಕಿಯವನೂ ಮುಟ್ಟಲಿಲ್ಲ. ಹುಡುಕಿ ಹುಡುಕಿ ಅದನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲೇ ಇಟ್ಟು, ಈ ಸಲ ಸರಿಯಾದ ಬಾಗಿಲಿನಿಂದಲೇ ಹೊರಬಿದ್ದಳು. ಮೆಟ್ಟಿಲ ಮೇಲೆ ಸೌಟಿನವಳು ಕಾಲು ಚಾಚಿ ಕುಳಿತು ಗಾಳಿ ಬೀಸಿಕೊಳ್ಳುತ್ತಿದ್ದಳು.

"ಊಟ ಆಯ್ತಾ ಅಕ್ಕ?"

"ಆಯ್ತು. ಬೇಡ ಅಂದಿದ್ದನ್ನೆಲ್ಲ ಹಾಕಿದ್ರಲ್ಲ, ಚೆನ್ನಾಗೇ ಆಯ್ತು."

ಸೌಟಿನವಳು ಗೊಳ್ಳೆಂದು ನಕ್ಕಳು. "ಬೇಡ ಅಂದಿದ್ರಾ? ಅಯ್ಯೋ, ನನಗೆಲ್ಲಿ ಕೇಳಿಸುತ್ತೆ! ಒಳಗೆ ಯಾರ ಮಾತು ಯಾರಿಗೂ ಕೇಳಿಸಲ್ಲ ಅಕ್ಕ. ಮೊದಮೊದಲು ಏನು ಏನು ಅಂತ ಕೇಳ್ತಿದ್ದೆ, ಸಾಲು ನಿಂತುಹೋಗ್ತಿತ್ತು. ಆಮೇಲೆ ಎಲ್ಲಾದಕ್ಕೂ ತಲೆ ಆಡಿಸೋದು ಕಲಿತೆ. ಮಕ್ಕಳೂ ಅಷ್ಟೇ, ಸೇರಿದ ವಾರಕ್ಕೆಲ್ಲ ಕಲಿತುಬಿಡ್ತಾವೆ."

ಕಂಡಕ್ಟರಮ್ಮ ಮೆಟ್ಟಿಲ ಮೇಲೇ ನಿಂತಳು. ಎಲ್ಲರೂ ಕಲಿತುಬಿಡುತ್ತಾರೆ ಎಂದರೆ ಮಗಳೂ ಕಲಿತಿರಬೇಕಲ್ಲ. ಛೇ, ಇಲ್ಲ, ಉಪ್ಪಿನ ಡಬ್ಬಿ ಕೊಟ್ಟಳಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು, ಉಪ್ಪಿನ ಡಬ್ಬಿಗೂ ಮದುವೆಗೂ ಏನು ಸಂಬಂಧ ಎಂದು ತಿರುಗಿ ಕೇಳಿತು. ಗೇಟಿನ ಕಡೆ ಸರಸರ ನಡೆದಳು.

ಮಗಳು ಆಗಲೇ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಕಾಲೇಜಿಗೆ ಸೇರುವಾಗ ತಂದಿದ್ದ ದೊಡ್ಡ ಬ್ಯಾಗು. ಅದರ ಜಿಪ್ಪು ಮುಚ್ಚದೆ ದಿಂಬಿನ ತುದಿ ಹೊರಗೆ ಇಣುಕುತ್ತಿತ್ತು.

"ಏನಿದು ಬ್ಯಾಗು?"

"ನೀನೇ ಹೂಂ ಅಂದ್ಯಲ್ಲ."

"ಯಾವುದಕ್ಕೆ ಹೂಂ ಅಂದೆ?"

"ನಿನ್ನ ಜೊತೆ ಮನೆಗೆ ಬಂದುಬಿಡ್ತೀನಿ, ಇಲ್ಲಿ ಓದೋಕೆ ಆಗಲ್ಲ ಅಂದೆ. ತಲೆ ಆಡಿಸ್ದೆ. ಕಣ್ಣೀರೂ ಹಾಕ್ದೆ."

ಕಂಡಕ್ಟರಮ್ಮ ಬೆಂಚಿನ ಮೇಲೆ ಕುಕ್ಕರಿಸಿದಳು. ನಿಲ್ದಾಣದಲ್ಲಿ ಬೇರೆ ಯಾರೂ ಇರಲಿಲ್ಲ. ಎದುರಿನ ಝೆರಾಕ್ಸ್ ಅಂಗಡಿಯ ಯಂತ್ರ ಟಕಟಕ ಎನ್ನುವುದು ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು. ಈಗ ಕೇಳಿ ಏನು ಪ್ರಯೋಜನ!

"ನಾನು ಹೇಳಿದ್ದು ನಿನಗೆ ಕೇಳಿಸ್ತಾ?" ಎಂದಳು.

"ಏನೋ ಹೇಳ್ತಿದ್ದೆ. ಡಿಪೋ ವಿಷಯ ಇರಬೇಕು ಅಂದ್ಕೊಂಡೆ. ನನಗೆ ನನ್ನದೇ ಹೇಗೆ ಹೇಳೋದು ಅಂತ ಯೋಚನೆ ಆಗಿತ್ತು."

"ಡಿಪೋ ವಿಷಯ!" ಕಂಡಕ್ಟರಮ್ಮನಿಗೆ ಅಳಬೇಕೋ ಕೆನ್ನೆಗೆರಡು ಬಿಡಬೇಕೋ ತಿಳಿಯಲಿಲ್ಲ. "ಕಾಲೇಜು ಬಿಡೋದು ಅಂದ್ರೆ ಮಕ್ಕಳಾಟಾನಾ? ಏನಾಯ್ತು ನಿನಗೆ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ನಲ್ಲ, ಅದೇ ಆಗಿದ್ದು. ನನ್ನ ಎದುರಿಗೆ ಕೂತಿದ್ರಲ್ಲ ಮೂರು ಜನ, ಅವರಿಗೆ ಮೊದಲನೇ ದಿನ ಆ ಮೆಸ್ಸಲ್ಲೇ ನನ್ನ ಹೆಸರು ಹೇಳಿದೆ. ತಲೆ ಆಡಿಸಿದ್ರು. ಇವತ್ತಿನವರೆಗೂ ನನ್ನ 'ಏಯ್' ಅಂತಾನೇ ಕರೀತಾರೆ. ಈಗ ಮತ್ತೆ ಹೋಗಿ ಹೇಳೋಕೆ ಆಗುತ್ತಾ?" ಮಗಳು ದಿಂಬಿನ ತುದಿಯನ್ನು ಒಳಗೆ ತುರುಕಿದಳು, ಅದು ಮತ್ತೆ ಹೊರಬಂತು. "ನಮ್ಮನೇಲಿ ನಾವಿಬ್ಬರೇ ಇರ್ತೀವಲ್ಲ, ಅದೇ ಸಾಕಮ್ಮ ನನಗೆ. ನಾವಿಬ್ಬರೇ."

ಇನ್ನು ಸುತ್ತಿ ಬಳಸುವ ಹಾಗಿರಲಿಲ್ಲ. ಕಂಡಕ್ಟರಮ್ಮ ಮೆಸ್ಸಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದಳು. ಮೀಸೆ ಕೇಳಿದ್ದು, ತನಗೂ ಬೇಡ ಅನ್ನಿಸದೇ ಇದ್ದದ್ದು, ಈಗ ಬರುವ ಬಸ್ಸಿನಲ್ಲಿ ಉತ್ತರ ಕೊಡಬೇಕಾಗಿದ್ದದ್ದು, ಎಲ್ಲ.

ಮಗಳು ಈ ಸಲ ತಲೆಯಾಡಿಸಲಿಲ್ಲ. "ಇದನ್ನ ಆ ಗಲಾಟೇಲಿ ಹೇಳಿದ್ಯಾ?" ಎಂದಳು.

"ನೀನೇ ಕೂಗಬೇಡ ಅಂದಿದ್ದೆ."

"ಕೂಗಬೇಡ ಅಂದೆ, ಕೇಳಿಸದೇ ಇರೋ ಹಾಗೆ ಹೇಳು ಅಂದ್ನಾ? ನನಗೆ ಕೇಳಿಸ್ಲಿಲ್ಲ ಅಂತ ನಿನಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿತ್ತು. ಅದೇ ಕಂಡಕ್ಟರಮ್ಮನ ಎದೆಗೆ ನಾಟಿದ್ದು. ಟಿಕೇಟು ತೆಗೆದುಕೊಳ್ಳದೆ ನಿದ್ದೆ ನಟಿಸುವವನ ರೆಪ್ಪೆ ನೋಡಿದರೆ ಸಾಕು, ಕೇಳಿಸಿದೆಯೋ ಇಲ್ಲವೋ ಎಂದು ಹೇಳಬಲ್ಲವಳು ಅವಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಕಣ್ಣು ಅನ್ನದ ಮೇಲಿದ್ದದ್ದು, ಕಿವಿ ಎಲ್ಲಿಯೋ ಇದ್ದದ್ದು ಅವಳಿಗೆ ಕಾಣದೆ ಇರಲಿಲ್ಲ. ಕಂಡರೂ ದನಿ ಏರಿಸಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಹೂಂ, ಅದು ಪುಕ್ಕಟೆ ಸಿಕ್ಕಿತ್ತು. ಮೆಸ್ಸನ್ನು ಬೈಯುತ್ತಾ ಬೈಯುತ್ತಾ ಮೆಸ್ಸಿನವರಿಗಿಂತ ಚೆನ್ನಾಗಿ ಅಲ್ಲಿನ ವಿದ್ಯೆ ಕಲಿತಿದ್ದಳು.

"ಗೊತ್ತಾಗಿತ್ತು," ಎಂದಳು. "ಬೇಡ ಅಂತೀಯೇನೋ ಅಂತ ಭಯ ಆಯ್ತು. ಅದಕ್ಕೇ ಬಿಟ್ಟುಬಿಟ್ಟೆ."

"ಹಾಗಾದ್ರೆ ಕೇಳಿಸ್ಕೋ. ನನಗೆ ಇಷ್ಟ ಇಲ್ಲ!"

ಝೆರಾಕ್ಸ್ ಅಂಗಡಿಯವನು ಹೊರಗೆ ಬಂದು ನೋಡಿದ. ಕಂಡಕ್ಟರಮ್ಮನೂ ಬೆಚ್ಚಿ ನೋಡಿದಳು. ಆ ದನಿ ಅವಳದ್ದೇ, ಹಿಂದಿನ ಬಾಗಿಲಿಂದ ಡ್ರೈವರಿನವರೆಗೆ ಹೋಗುವ ದನಿ. ಮಗಳ ಗಂಟಲಲ್ಲಿ ಅದು ಇದೆಯೆಂದು ಇವತ್ತಿನವರೆಗೆ ಗೊತ್ತಿರಲಿಲ್ಲ.

"ಯಾವುದು ಇಷ್ಟ ಇಲ್ಲ? ಕಾಲೇಜಾ, ಮೀಸೆ ಮಾಮನಾ?"

"ಎರಡೂ!"

ಅಷ್ಟು ಹೊತ್ತಿಗೆ ತಿರುವಿನಲ್ಲಿ ಬಸ್ಸು ಕಾಣಿಸಿತು. ಅದನ್ನು ಡಿಪೋದವರೆಲ್ಲ ಮುದುಕಿ ಎನ್ನುತ್ತಿದ್ದರು. ಅದರ ಬ್ಯಾಟರಿ ಸತ್ತು ಬಹಳ ಕಾಲವಾಗಿತ್ತು, ಹೊಸದು ಬರುತ್ತದೆ ಬರುತ್ತದೆ ಎಂದು ಹೇಳುವವರು ಹೇಳುತ್ತಲೇ ಇದ್ದರು. ಬೆಳಗ್ಗೆ ಡಿಪೋದಲ್ಲಿ ತಳ್ಳಿ ಹೊರಡಿಸಿದರೆ ಮತ್ತೆ ಡಿಪೋ ಸೇರುವವರೆಗೆ ಇಂಜಿನ್ ಆರಿಸುವಂತಿಲ್ಲ. ಮುದುಕಿ ಮಲಗಿದರೆ ಏಳುವುದಿಲ್ಲ ಎನ್ನುತ್ತಿದ್ದ ಮೀಸೆ. ತಪಾಸಣೆಗೆ ಹತ್ತಿದ ದೊಡ್ಡ ಅಧಿಕಾರಿ ಸದ್ದು ಜಾಸ್ತಿ, ಆಫ್ ಮಾಡಿ ಎಂದಾಗಲೂ ಮೀಸೆ ಆರಿಸಿರಲಿಲ್ಲ, ಆ ಕತೆ ಮಗಳಿಗೂ ಬಾಯಿಪಾಠವಾಗಿತ್ತು. ಬಸ್ಸು ಕುಲುಕುತ್ತಾ, ಗುರುಗುಟ್ಟುತ್ತಾ ಬಂದು ನಿಂತಿತು. ಬಾಗಿಲಲ್ಲಿ ಅರೆಗಣ್ಣು ಬಿಟ್ಟುಕೊಂಡು ತೂಕಡಿಕೆ ನಿಂತಿದ್ದ. ಮುಂದಿನ ಕಿಟಕಿಯಿಂದ ಮೀಸೆ ತಲೆ ಹೊರಹಾಕಿ, ಇವಳ ಮುಖ ನೋಡಿ, ಒಂದು ಹುಬ್ಬು ಮೇಲೆತ್ತಿದ.

ಮಗಳು ಬ್ಯಾಗನ್ನು ಎತ್ತಿ ಮೆಟ್ಟಿಲ ಮೇಲಿಟ್ಟಳು. ಕಂಡಕ್ಟರಮ್ಮ ಅದನ್ನು ಇಳಿಸಿ ನೆಲದ ಮೇಲಿಟ್ಟಳು.

"ಇನ್ನೂ ಮಾತು ಮುಗಿದಿಲ್ಲ. ಮುಂದಿನ ಬಸ್ಸಿಗೆ ನೋಡೋಣ," ಎಂದು ಮಗಳಿಗೆ ಹೇಳಿ, ಮುಂದಕ್ಕೆ ತಿರುಗಿ ಕೂಗಿದಳು. "ಉತ್ತರ ಇನ್ನೂ ಸಿಕ್ಕಿಲ್ಲ! ನೀವು ಹೊರಡಿ!"

ಮೀಸೆ ನಗುತ್ತಾ ತಲೆಯಾಡಿಸಿದ.

ಅದೊಂದೇ ಬಾಕಿ ಇತ್ತು. ಬೆಳಗ್ಗಿಂದ ನುಂಗಿಕೊಂಡ ಸಿಟ್ಟು, ಒಳಗಿದ್ದ ಬೋರ್ಡು, ನೀಲಿ ತಟ್ಟೆ, ಚಮಚ, ಆಲೂಗಡ್ಡೆ ಎಲ್ಲ ಒಟ್ಟಿಗೆ ನೆತ್ತಿಗೇರಿತು. ಕಂಡಕ್ಟರಮ್ಮ ದಡದಡ ಮುಂದಕ್ಕೆ ಹೋಗಿ ಡ್ರೈವರಿನ ಬಾಗಿಲಿಗೆ ಅಂಗೈಯಿಂದ ಬಾರಿಸಿದಳು.

"ತಲೆ ಆಡಿಸಬೇಡ್ರೀ! ಎಲ್ಲರೂ ಇವತ್ತು ತಲೆ ಆಡಿಸಿ ಆಡಿಸಿ ನನ್ನ ಪ್ರಾಣ ತೆಗೆದಿದಾರೆ! ನಾನು ಏನು ಹೇಳಿದೆ, ನಿಮಗೆ ಏನು ಕೇಳಿಸ್ತು, ಹೇಳಿ ನೋಡೋಣ!"

ಮೀಸೆ ಕಿವಿಗೆ ಕೈ ಅಡ್ಡ ಹಿಡಿದ. ಮುದುಕಿಯ ಗುಡುಗಿನಲ್ಲಿ 'ರೈಟ್' ಒಂದನ್ನು ಬಿಟ್ಟು ಬೇರೆ ಯಾವ ಮಾತೂ ಅವನಿಗೆ ತಿಳಿಯುತ್ತಿರಲಿಲ್ಲ. ಇವಳ ಮುಖ ನೋಡಿದ, ಹಿಂದೆ ನಿಂತ ಹುಡುಗಿಯ ಮುಖ ನೋಡಿದ, ಬ್ಯಾಗು ನೋಡಿದ. ಆಮೇಲೆ ಕೈ ಚಾಚಿ ಇಂಜಿನ್ ಆರಿಸಿಬಿಟ್ಟ.

ಮುದುಕಿ ಒಂದು ಸಲ ನಡುಗಿ ಸುಮ್ಮನಾಯಿತು. ಬಸ್ಸಿನೊಳಗೆ ಮಾತಾಡುತ್ತಿದ್ದವರೂ ಸುಮ್ಮನಾದರು. ತೂಕಡಿಕೆ ಪೂರ್ತಿ ಕಣ್ಣು ಬಿಟ್ಟ.

"ಈಗ ಹೇಳಿ. ಕೇಳಿಸುತ್ತೆ," ಎಂದ ಮೀಸೆ.

ಎಷ್ಟೋ ಹೊತ್ತಿನಿಂದ ಕೂಗಲು ಕಾದಿದ್ದ ಕಂಡಕ್ಟರಮ್ಮನಿಗೆ ಕೂಗುವ ಅವಶ್ಯಕತೆಯೇ ಇರಲಿಲ್ಲ. "ಅವಳಿಗೆ ಇಷ್ಟ ಇಲ್ಲವಂತೆ," ಎಂದಳು. "ಕಾಲೇಜೂ ಇಷ್ಟ ಇಲ್ಲವಂತೆ. ಇನ್ನೂ ಮಾತಾಡ್ಬೇಕು. ಇವತ್ತು ನನ್ನ ಹತ್ರ ನಿಮಗೆ ಕೊಡೋಕೆ ಉತ್ತರ ಇಲ್ಲ."

ಮೀಸೆಯ ಹುಬ್ಬು ನಿಧಾನವಾಗಿ ಕೆಳಗಿಳಿಯಿತು. "ಅವಳಿಗೆ ಇಷ್ಟ ಇಲ್ಲ. ನೀವಿನ್ನೂ ಮಾತಾಡ್ಬೇಕು. ಉತ್ತರ ಇವತ್ತಿಲ್ಲ," ಎಂದು ಪಾಠ ಒಪ್ಪಿಸುವವನ ಹಾಗೆ ಹೇಳಿದ. "ಸರಿ. ಮಾತಾಡಿ." ಆಮೇಲೆ ಹುಡುಗಿಯ ಕಡೆ ತಿರುಗಿ, "ನೀನೂ ಹೇಳಮ್ಮ, ನನಗೇನಾದ್ರೂ ಹೇಳೋದಿದ್ರೆ. ಹೇಗೂ ಆರಿಸಿಯಾಗಿದೆ," ಎಂದ.

ಹುಡುಗಿ ಬಾಯಿ ತೆರೆದಳು.

ಅಷ್ಟರಲ್ಲಿ ಬಸ್ಸಿನೊಳಗಿನವರಿಗೆ ನಾಲಿಗೆ ಮರಳಿತು. "ಏನ್ರೀ, ಗಾಡಿ ಯಾಕೆ ಆಫ್ ಮಾಡಿದ್ದು?" "ನನಗೆ ಆಸ್ಪತ್ರೆಗೆ ಹೋಗ್ಬೇಕು!" "ನಿಮ್ಮ ಮನೆ ಪಂಚಾಯ್ತಿಗೆ ನಾವು ಕಾಯ್ಬೇಕಾ?" ಎಂದು ಗೊಣಗಾಟ ಎದ್ದಿತು. ತೂಕಡಿಕೆ ಹಣೆ ಚಚ್ಚಿಕೊಂಡು, "ಇಳೀರಪ್ಪ, ಇಳೀರಿ. ತಳ್ಳದೇ ಇದ್ರೆ ಇದು ಹೋಗಲ್ಲ," ಎಂದ. ಜನ ಶಾಪ ಹಾಕುತ್ತಾ ಇಳಿದರು, ಮುಂದಿನ ಬಾಗಿಲಿಂದಲೂ ಹಿಂದಿನ ಬಾಗಿಲಿಂದಲೂ. ಕಂಡಕ್ಟರಮ್ಮ ಅದಕ್ಕೊಂದು ಮಾತೂ ಆಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್ಸಿನ ಹಿಂದೆ ಹೋಗಿ ಕೈ ಕೊಟ್ಟಳು.

ಪಕ್ಕದಲ್ಲಿ ಯಾರೋ ಬಂದು ಹೆಗಲು ಕೊಟ್ಟ ಹಾಗಾಯಿತು. ನೋಡಿದರೆ ಮಗಳು. ಬ್ಯಾಗು ಕಲ್ಲುಬೆಂಚಿನ ಮೇಲೆ ಒಂಟಿಯಾಗಿ ಕುಳಿತಿತ್ತು.

"ಆ ಅಧಿಕಾರಿ ಹೇಳಿದಾಗಲೂ ಮೀಸೆ ಮಾಮ ಇಂಜಿನ್ ಆರಿಸಿರಲಿಲ್ಲ ಅಲ್ವಾ?" ಎಂದಳು ಮಗಳು, ಬಸ್ಸಿನ ತಗಡನ್ನೇ ನೋಡುತ್ತಾ.

"ಇಲ್ಲ. ಯಾರಿಗೂ ಆರಿಸಿಲ್ಲ."

ಮಗಳು ಕಾಲೂರಿ ತಳ್ಳಿದಳು. ಬಸ್ಸು ಮೊದಲು ಮಿಸುಕಲಿಲ್ಲ, ಆಮೇಲೆ ಮಿಸುಕಿತು, ಇಳಿಜಾರು ಸಿಕ್ಕಿದ ಮೇಲೆ ಕೆಮ್ಮಿ, ಕಪ್ಪು ಹೊಗೆಯನ್ನು ಇಬ್ಬರ ಮುಖಕ್ಕೂ ಉಗಿದು ಸ್ಟಾರ್ಟಾಯಿತು. ಜನ ಓಡಿ ಓಡಿ ಹತ್ತಿದರು. ಅಭ್ಯಾಸಬಲದಿಂದ ಕಂಡಕ್ಟರಮ್ಮನ ಬಾಯಿಂದ "ರೈಟ್!" ಎಂಬ ಕೂಗು ಹೊರಬಿತ್ತು, ಎದುರಿನ ಅಂಗಡಿಯವನು ಮತ್ತೊಮ್ಮೆ ಹೊರಗೆ ಬಂದ. ಮಗಳು ಇವತ್ತು ನಾಚಿಕೊಳ್ಳಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಇಬ್ಬರೂ ಬೆಂಚಿಗೆ ವಾಪಸು ಬಂದು ಬ್ಯಾಗಿನ ಆಚೆ ಈಚೆ ಕುಳಿತರು. ಅಂಗೈಯೆಲ್ಲ ಧೂಳು, ಎಣ್ಣೆ. ಮುಂದಿನ ಬಸ್ಸಿಗೆ ಬಹಳ ಹೊತ್ತಿತ್ತು.

"ನಾನಿನ್ನೂ ಹೂಂ ಅಂದಿಲ್ಲ," ಎಂದಳು ಮಗಳು.

ಕಂಡಕ್ಟರಮ್ಮ ತಲೆಯಾಡಿಸಲು ಹೋಗಿ ತಡೆದುಕೊಂಡಳು.

"ಕೇಳಿಸ್ತು," ಎಂದಳು. "ಹೇಳು."